ಊರಿಗೇ ಪಥ್ಯ ಮಾಡಿಸಿದ ನಮ್ಮತ್ತೆ

ಹೊಸೂರು ಸೀಮೆಯಲ್ಲಿ ಮತ್ತಿಗಿರಿಯಿಂದ ಕೆಲಮಂಗಲದವರೆಗೆ ನಮ್ಮ ಬಳಗದ ಯಾವುದಾದರೂ ಮದುವೆಯಲ್ಲೋ ನಾಮಕರಣದಲ್ಲೋ ಈಚಿನ ವರ್ಷಗಳಲ್ಲಿ ನೀವು ಉಂಡಿದ್ದರೆ ಒಂದು ವಿಷಯ ತಿಳಿದುಕೊಳ್ಳಿ: ನೀವು ನಮ್ಮತ್ತೆಯ ರೋಗಿ! ಅವರು ನಿಮ್ಮ ನಾಡಿ ಹಿಡಿದಿಲ್ಲ, ಹೆಸರು ಕೇಳಿಲ್ಲ, ಒಪ್ಪಿಗೆಯನ್ನಂತೂ ಪಡೆದೇ ಇಲ್ಲ. ಆದರೂ ಚಿಕಿತ್ಸೆ ನಡೆದುಹೋಗಿದೆ. ನೀವು ಎರಡನೇ ಸಲ ಸಾರು ಹಾಕಿಸಿಕೊಂಡು, ಸೊರಸೊರನೆ ಸುರಿದುಕೊಂಡು, ತೇಗಿ, ತಾಂಬೂಲ ತೆಗೆದುಕೊಂಡು ಎದ್ದು ಹೋಗಿದ್ದೀರಿ. ಪಥ್ಯದ ಊಟವನ್ನು ಇಷ್ಟು ಖುಷಿಯಾಗಿ ಉಂಡ ರೋಗಿಗಳನ್ನು ಯಾವ ಆಸ್ಪತ್ರೆಯವರೂ ಕಂಡಿರಲಾರರು.

ಅತ್ತೆ ಅಂದರೆ ನನಗೆ ಎರಡು ಕಡೆಯಿಂದಲೂ ಅತ್ತೆ. ನಮ್ಮಪ್ಪನ ಅಕ್ಕ, ಆಮೇಲೆ ಅವರ ಮಗನನ್ನೇ ಕಟ್ಟಿಕೊಂಡದ್ದರಿಂದ ಗಂಡನ ತಾಯಿ. ಮದುವೆಗೆ ಮುಂಚೆ ‘ನೀನು’ ಅನ್ನುತ್ತಿದ್ದೆ. ಕೊರಳಿಗೆ ತಾಳಿ ಬಿದ್ದ ಮಾರನೇ ದಿನದಿಂದ ‘ನೀವು’ ಅನ್ನಬೇಕೆಂದು ನಮ್ಮಮ್ಮ ಕಣ್ಣು ಬಿಟ್ಟಳು. ಅಂದಿನಿಂದ ‘ನೀವು’ ಅನ್ನುತ್ತಿದ್ದೇನೆ, ಜಗಳವಿಲ್ಲದ ದಿನಗಳಲ್ಲಿ. ಅಂಥ ದಿನಗಳು ಕಡಿಮೆ.

ಈ ಹೆಂಗಸಿನ ಕೈಗೆ ಇಷ್ಟೊಂದು ಅಧಿಕಾರ ಬಂದದ್ದಾದರೂ ಹೇಗೆ ಅನ್ನುತ್ತೀರಾ? ನಮ್ಮ ಬಳಗದಲ್ಲಿ ಒಂದು ಪದ್ಧತಿ. ಎಷ್ಟೇ ದೊಡ್ಡ ಅಡುಗೆಯವನನ್ನು ಕರೆಸಿರಲಿ, ಕೊಳಗದ ಸಾರಿಗೆ ಕೊನೆಯ ಉಪ್ಪು ಹಾಕುವ ಹಕ್ಕು ಅವನಿಗಿಲ್ಲ. ಮನೆತನದ ಹಿರಿಯ ಹೆಂಗಸು ಬಂದು ‘ಉಪ್ಪು ನೋಡಬೇಕು.’ ಅಡುಗೆಯವನು ಸೌಟಿನಿಂದ ಅವರ ಅಂಗೈಗೆ ಸಾರು ಬಿಡುತ್ತಾನೆ, ಅವರು ಊದಿ ನೆಕ್ಕಿ ಆಕಾಶ ನೋಡುತ್ತಾರೆ. ‘ಸಾಕು’ ಅಂದರೆ ಸಾಕು, ‘ಇನ್ನೊಂದಿಷ್ಟು’ ಅಂದರೆ ಇನ್ನೊಂದಿಷ್ಟು. ಅಲ್ಲಿಯವರೆಗೆ ಮೀಸೆ ತಿರುವುವ ಅಡುಗೆಯವನೂ ಟವಲು ಸೊಂಟಕ್ಕೆ ಬಿಗಿದು ಕೈಕಟ್ಟಿ ನಿಂತಿರಬೇಕು. ಈ ಪದವಿ ನಮ್ಮತ್ತೆಗೆ ಅವರ ಅತ್ತೆಯಿಂದ ಬಂದದ್ದು. ಊರಿನ ಪಂಚಾಯಿತಿಯವರು ಐದು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಇವರನ್ನು ಇಳಿಸುವವರೇ ಇಲ್ಲ!

ಅಧಿಕಾರವೇನೋ ಹಳೆಯದು. ಅದನ್ನು ಅವರು ಹೀಗೆ ದುರುಪಯೋಗ ಮಾಡಿಕೊಳ್ಳಲು ಒಂದು ಕಾರಣವಿದೆ, ಅದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಮಾವ, ಅಂದರೆ ಅತ್ತೆಯ ಗಂಡ, ಹೊಸೂರಿನ ಒಂದು ಕಾರ್ಖಾನೆಯಲ್ಲಿದ್ದರು. ಒಂದು ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿ ಮೂಕಂಡಪಲ್ಲಿ ಬಸ್ ಸ್ಟಾಪಿನಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದವರು ಹಾಗೇ ಕುಸಿದರು. ಐವತ್ತು ತುಂಬಿರಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ಸಾವಿನ ಮನೆಗೆ ಬಂದ ಜನ ಮಾಡಿದ ಮೊದಲ ಕೆಲಸ ಏನು ಗೊತ್ತೆ? ಸತ್ತವನ ತಪ್ಪು ಹುಡುಕಿದ್ದು! ‘ಬೀಡಿ ಬಿಡು ಅಂದ್ರೆ ಕೇಳ್ನಿಲ್ಲ.’ ‘ಉಪ್ಪಿನಕಾಯಿ ಅಂದ್ರೆ ಪ್ರಾಣ ಬಿಡೋನು.’ ‘ಬೆಳಿಗ್ಗೆ ಎದ್ದು ಒಂದ್ ಸುತ್ತು ವಾಕಿಂಗ್ ಹೋಗಿದ್ರೆ ಬದುಕ್ಕಂತಿದ್ದ.’

ಹೆಣದ ತಲೆಯ ಹತ್ತಿರ ಕೂತಿದ್ದ ಅತ್ತೆ ಅಳು ನಿಲ್ಲಿಸಿ ತಲೆ ಎತ್ತಿದರು.

“ಯಾರ್ಲಾ ಅದು ವಾಕಿಂಗು ಅಂದಿದ್ದು? ರಾತ್ರಿಯೆಲ್ಲಾ ಮಿಷನ್ ಮುಂದೆ ನಿಂತು ಬಂದ ಮನ್ಸ ಎಲ್ಲಿಗ್ಲಾ ವಾಕಿಂಗ್ ಹೋಗ್ಬೇಕು? ಲಾರಿ ಕೆಳಿಕ್ಕಾ? ಕ್ಯಾಂಟೀನಾಗೆ ಇಕ್ಕಿದ್ದು ತಿಂದ. ಅವನೇನ್ ಅಲ್ಲಿ ಒಲೆ ಹೂಡ್ಕೊಂಡು ಬೇಯಿಸ್ಕೊಂಡ್ನಾ? ಸತ್ತೋನ್ ಮೇಲೇ ತಪ್ಪು ಹೊರಿಸ್ತೀರಲ್ಲಾ, ನಿಮ್ ಬಾಯಿಗೆ ಮಣ್ ಹಾಕ!”

ಮಣ್ಣಿಗೆ ಬಂದವರಿಗೇ ಮಣ್ಣಿನ ಶಾಪ! ಜನ ಒಬ್ಬೊಬ್ಬರೇ ಅಂಗಳಕ್ಕೆ ಸರಿದುಕೊಂಡರು. ಆದರೆ ಸತ್ತವನದೇ ತಪ್ಪು ಅನ್ನುವ ಆ ಮಾತು ಅತ್ತೆಯ ಎದೆಯಲ್ಲಿ ಕೂತುಬಿಟ್ಟಿತು.

ಅಪ್ಪನ ದಾರಿಯಲ್ಲೇ ಮಗನೂ ಕಾರ್ಖಾನೆ ಸೇರಿದರು. ಕೆಲವು ವರ್ಷಗಳ ಹಿಂದೆ ಕಂಪೆನಿಯ ವಾರ್ಷಿಕ ತಪಾಸಣೆಯಲ್ಲಿ ನಮ್ಮನೆಯವರಿಗೆ ಬಿಪಿ ಎಂದು ಬಂತು. ಅತ್ತೆಯ ಮುಖ ಅಂದು ಕಪ್ಪಿಟ್ಟದ್ದನ್ನು ನಾನು ನೋಡಿದ್ದೇನೆ. ಮಗ ತನ್ನಪ್ಪನ ವಯಸ್ಸು ದಾಟಬೇಕು. ಆವತ್ತಿನಿಂದ ಆ ಹೆಂಗಸಿಗೆ ಬೇಕಾದದ್ದು ಅದೊಂದೇ. ಚಿನ್ನವಲ್ಲ, ಕಾಶಿಯಾತ್ರೆಯಲ್ಲ, ಅದೊಂದೇ.

ಡಾಕ್ಟರ ಹತ್ತಿರ ಮೂವರೂ ಹೋದೆವು. ಅವರು ಮಾತ್ರೆ ಬರೆದು, ತಲೆ ಎತ್ತದೆ, ತಮಿಳಿನಲ್ಲಿ “ಉಪ್ಪ ಕೊರಚಿಕೋಂಗ, ದಿನಂ ನಡಂಗ, ಟೆನ್ಷನ್ ವೇಂಡಾಂ” ಅಂದರು. ಉಪ್ಪು ಕಡಿಮೆ ಮಾಡಿ, ದಿನಾ ನಡೆಯಿರಿ, ಟೆನ್ಷನ್ ಬೇಡ. ಮೂರು ತಿಂಗಳಿಗೊಮ್ಮೆ ಶಿಫ್ಟ್ ಬದಲಾಯಿಸುವ ಕಂಪೆನಿಗೆ ಈ ಮಾತು ಹೇಳುವವರು ಯಾರು? ಅತ್ತೆ ಎದ್ದವರು ಬಾಗಿಲ ಹತ್ತಿರ ನಿಂತು ತಿರುಗಿದರು.

“ಸಾರ್, ಇವನ್ ಒಬ್ಬುಂಗೇನಾ ಹೇಳೋದು? ಈಚೆ ಕುಂತವ್ರಲ್ಲ ಇಷ್ಟು ಜನ, ಅವ್ರಿಗೆ?”

“ಎಲ್ಲಾರುಕ್ಕುಂ ಇದೇ ದಾಮ್ಮಾ ಸೊಲ್ರೇನ್” ಅಂದರು ಡಾಕ್ಟರು. ಎಲ್ಲರಿಗೂ ಇದನ್ನೇ ಹೇಳುತ್ತೇನಮ್ಮ.

“ಎಲ್ರಿಗೂ ಅದೇ ಕಾಯ್ಲೆ ಅಂದ್ಮೇಲೆ ಒಬ್ಬೊಬ್ಬರ್ನೇ ಒಳಿಕ್ಕೆ ಕರ್ದು ಯಾಕೆ ಹೇಳ್ತೀರ? ಬೀದಿಗ್ ಬಂದು ಹೇಳಿ!”

ನಾನು ಅತ್ತೆಯ ಸೆರಗು ಹಿಡಿದು ಎಳೆದುಕೊಂಡು ಬಂದೆ. ಆದರೆ ಕೇಳಿ, ತಪ್ಪೇನಿತ್ತು ಆ ಮಾತಿನಲ್ಲಿ? ಇಡೀ ಊರು ಒಂದೇ ಹಳ್ಳಕ್ಕೆ ಬೀಳುತ್ತಿದ್ದರೆ ಹಳ್ಳ ಮುಚ್ಚುತ್ತೀರೋ, ಬಿದ್ದ ಒಬ್ಬೊಬ್ಬನ ಕಿವಿಯಲ್ಲೂ ‘ನೋಡಿಕೊಂಡು ನಡಿ’ ಅನ್ನುತ್ತೀರೋ?

ನಡಿಗೆಯ ಕಥೆ ಕೇಳಿ. ಮಗನನ್ನು ನಡೆಸುವುದಕ್ಕೆ ಅತ್ತೆ ತಾವೇ ಬೆಳಿಗ್ಗೆ ಕೋಲು ಹಿಡಿದು ಹೊರಟರು. ರಸ್ತೆಯ ಬಲಕ್ಕೆ ಲಾರಿ, ಎಡಕ್ಕೆ ಚರಂಡಿ, ಮಧ್ಯೆ ಫುಟ್‌ಪಾತಿನ ಮೇಲೆ ಪಾನಿಪೂರಿ ಗಾಡಿ, ಟ್ರಾನ್ಸ್‌ಫಾರ್ಮರ್ ಮತ್ತು ಯಾರದೋ ಹುಟ್ಟುಹಬ್ಬದ ಬ್ಯಾನರು. ಒಂದು ವಾರದಲ್ಲಿ ನಮ್ಮನೆಯವರ ಬಿಪಿ ಇನ್ನೂ ಏರಿತು! ಅತ್ತೆ ಬಿಡಲಿಲ್ಲ. ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಪಂಚಾಯಿತಿ ಕಚೇರಿಗೆ ಹೋಗಿ ಜಗಳ ಮಾಡಿ ಒಂದು ಪಾರ್ಕ್ ಮಾಡಿಸಿದರು. ಒಳಗೆ ನಡೆಯಲು ಕಲ್ಲುಹಾಸಿನ ದಾರಿ, ಎರಡು ಬೆಂಚು, ಗಿಡ, ಎಲ್ಲಾ ಬಂತು. ಉದ್ಘಾಟನೆಯ ಮಾರನೇ ದಿನ ಹೋಗಿ ನೋಡಿದರೆ ಗೇಟಿಗೆ ಬೀಗ.

“ಯಾಕಪ್ಪಾ ಬೀಗ?” ಅಂತ ವಾಚ್‌ಮನ್ನನ್ನು ಕೇಳಿದರೆ,

“ಜನ ಬಂದ್ರೆ ಹಾಳಾಗ್ಬುಡ್ತದೆ ಅಕ್ಕಾ!”

ಜನರಿಗಾಗಿ ಪಾರ್ಕು, ಜನ ಬಂದರೆ ಹಾಳು! ಇಂದಿಗೂ ನಮ್ಮ ಬೀದಿಯವರು ಆ ಪಾರ್ಕಿನ ಬೇಲಿಯ ಹೊರಗೆ, ಲಾರಿಗಳ ಪಕ್ಕದಲ್ಲೇ ಸುತ್ತು ಹಾಕುತ್ತಾರೆ. ಒಳಗಿನ ಕಲ್ಲುಹಾಸು ಮಾತ್ರ ಹೊಚ್ಚ ಹೊಸದಾಗಿದೆ. ಯಾರ ಆರೋಗ್ಯ ಕೆಟ್ಟರೂ ಪಾರ್ಕಿನ ಆರೋಗ್ಯ ಕೆಟ್ಟಿಲ್ಲ.

ನಡಿಗೆ ಕೈಕೊಟ್ಟ ಮೇಲೆ ಉಪ್ಪು. ಮೊದಮೊದಲು ನಾನು ನಮ್ಮನೆಯವರಿಗೆ ಬೇರೆ ಪಾತ್ರೆಯಲ್ಲಿ ಸಾರು ತೆಗೆದಿಡುತ್ತಿದ್ದೆ. ಬಲು ವಿಧೇಯರಾಗಿ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅಯ್ಯೋ ಪಾಪ, ಎಂಥ ಒಳ್ಳೆ ಗಂಡ ಅಂದುಕೊಂಡೆ. ಒಂದು ಸಂಜೆ ಅತ್ತೆ ಕಾರ್ಖಾನೆಯ ಗೇಟಿನ ಮುಂದಿನ ಬಜ್ಜಿ ಅಂಗಡಿಯಲ್ಲಿ ಆ ಒಳ್ಳೆ ಗಂಡನನ್ನು ಹಿಡಿದರು. ಬಜ್ಜಿಯ ಮೇಲೆ ಉಪ್ಪು ಖಾರದ ಪುಡಿ ಉದುರಿಸಿಕೊಂಡು ಮೆಲ್ಲುತ್ತಿದ್ದರಂತೆ, ಸುತ್ತ ಇಡೀ ಶಿಫ್ಟೇ ನಿಂತು ಅದನ್ನೇ ಮೆಲ್ಲುತ್ತಿತ್ತಂತೆ. ಬಾಣಲೆಯ ಎಣ್ಣೆ ಟಾರಿನ ಹಾಗೆ ಕಪ್ಪಗಿತ್ತಂತೆ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದೆಂದು ಕಾನೂನು ಇದೆ ಅನ್ನುತ್ತಾರೆ. ಆ ಕಾನೂನಿನ ಮುಖವನ್ನು ನಮ್ಮ ಕಡೆ ಯಾರೂ ಕಂಡಿಲ್ಲ.

ಮನೆಗೆ ಬಂದು ಅತ್ತೆ ತೀರ್ಪು ಕೊಟ್ಟರು.

“ಇವನೊಬ್ಬನ್ ಬಟ್ಟಲು ಕಾಯ್ಕೊಂಡು ಕುಂತ್ರೆ ಆಗಾಕಿಲ್ಲ ಕಣೆ. ಪಕ್ಕದೋನ್ ತಿನ್ನೋದ್ನೇ ಇವನೂ ತಿಂತಾನೆ. ಕೊಳಗಕ್ಕೇ ಕೈ ಹಾಕ್ಬೇಕು.”

“ನಿಮ್ಮ ಬಾಯೊಳಗಿನ ಕಡ್ಡಿಪುಡಿಗೂ ಕೈ ಹಾಕಿ ಅತ್ತೆ. ಹೊಗೆಸೊಪ್ಪಿಂದಲೂ ಹಾರ್ಟಿಗೆ ತೊಂದರೆಯಂತೆ” ಅಂದೆ.

ಎಲೆಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ತಳ್ಳಿ, “ಅದು ಬೇರೆ ಡಿಪಾರ್ಟ್‌ಮೆಂಟು!” ಅಂದುಬಿಟ್ಟರು. ಸರ್ಕಾರ ನಡೆಸುವ ಎಲ್ಲ ಲಕ್ಷಣಗಳೂ ಇದ್ದವು.

ಅದೇ ಸಮಯದಲ್ಲಿ ನಮ್ಮೂರ ಕಲ್ಯಾಣ ಮಂಟಪದಲ್ಲಿ ಹೃದಯ ರಕ್ಷಣೆಯ ಶಿಬಿರ ನಡೆಯಿತು. ದೊಡ್ಡ ಬ್ಯಾನರು, ಅದರ ಮೂಲೆಯಲ್ಲಿ ಪುಟ್ಟದೊಂದು ಹೃದಯ, ಉಳಿದೆಲ್ಲ ಕಡೆ ಮುಖಂಡರ ಮುಖ. ‘ನಿಮ್ಮ ಹೃದಯ ನಿಮ್ಮ ಕೈಯಲ್ಲಿ’ ಎಂದು ಭಾಷಣ. ಬಿಪಿ ನೋಡಿಸಿಕೊಂಡು ಈಚೆ ಬಂದವರ ಕೈಗೆ ಏನು ಕೊಟ್ಟರು ಅಂತೀರಿ? ಉದ್ದಿನ ವಡೆ, ಬೋಂಡ, ಸಕ್ಕರೆ ಸುರಿದ ಟೀ! ನಾನು ನಗುತ್ತಿದ್ದೆ. ಅತ್ತೆ ನಗಲಿಲ್ಲ. ವಡೆಯ ತಟ್ಟೆ ಹಿಡಿದುಕೊಂಡು ವೇದಿಕೆ ಹತ್ತಿ, ಮುಖಂಡರ ಮುಂದಿನ ಮೇಜಿನ ಮೇಲಿಟ್ಟು, “ನಮ್ ಹೃದಯ ನಮ್ ಕೈಯಾಗೆ ಎಲ್ಲೈತೆ ಸ್ವಾಮಿ? ನಮ್ ಕೈಯಾಗೆ ನೀವು ಕೊಟ್ಟಿರೋದು ಇದು” ಅಂದು ಇಳಿದು ಬಂದರು. ಮುಖಂಡರು ಹಸಿದಿದ್ದರೇನೋ, ಅದರಲ್ಲೊಂದು ವಡೆ ತಿಂದರು.

ಇನ್ನು ಯಾರನ್ನೂ ಕೇಳುವುದಿಲ್ಲ ಎಂದು ಅತ್ತೆ ನಿರ್ಧರಿಸಿದ್ದು ಅಂದೇ ಇರಬೇಕು. ತಮ್ಮ ಕೈಯಲ್ಲಿದ್ದ ಒಂದೇ ಅಧಿಕಾರವನ್ನು ಬಳಸತೊಡಗಿದರು. ಅಡುಗೆಯವನು “ಇನ್ನೊಂಚೂರು ಬೇಡ್ವಾ ದೊಡ್ಡಮ್ಮಾ?” ಅನ್ನುವನು, ಇವರು ಆಕಾಶ ನೋಡಿ “ಸಾಕು” ಅನ್ನುವರು. ಒಂದು ಮದುವೆಗೆ ಎಳ್ಳಷ್ಟು ಕಡಿಮೆ, ಮುಂದಿನ ಗೃಹಪ್ರವೇಶಕ್ಕೆ ಇನ್ನೆಳ್ಳಷ್ಟು. ಒಮ್ಮೆಗೇ ಇಳಿಸಿದರೆ ನಾಲಿಗೆ ಕೂಗಿಕೊಳ್ಳುತ್ತದೆ, ಮೆಲ್ಲಗೆ ಇಳಿಸಿದರೆ ನಿದ್ದೆ ಹೋಗುತ್ತದೆ ಎಂದು ಅವರ ಲೆಕ್ಕ. ಎಲೆಯ ತುದಿಗೆ ಬಡಿಸುವ ಉಪ್ಪು ಹೇಗೋ ‘ಮರೆತುಹೋಗುತ್ತಿತ್ತು.’ ಉಪ್ಪಿನಕಾಯಿ ಬಕೆಟ್ಟಿನ ಸೌಟು ಮಾಯವಾಗಿ, ಅದರ ಜಾಗಕ್ಕೆ ಐಸ್‌ಕ್ರೀಮ್ ಕಪ್ಪಿನ ಮರದ ಚಮಚ ಬಂತು. ಅಷ್ಟು ಚಿಕ್ಕ ಚಮಚದಲ್ಲಿ ಎರಡನೇ ಸಲ ಹಾಕಿ ಎಂದು ಕೇಳಲು ಯಾವ ಮೀಸೆ ಹೊತ್ತ ಗಂಡಸಿಗೂ ನಾಚಿಕೆ. ಇತ್ತ ಮನೆಯ ಸಾರಿಗೂ ಅವರೇ ಉಪ್ಪು ನೋಡುವವರು, ಹೀಗಾಗಿ ನನಗೂ ಗೊತ್ತಾಗಲಿಲ್ಲ. ಹೌದು, ನಾನೂ ರೋಗಿಯೇ!

ವರ್ಷಗಳು ಕಳೆದವು. ಒಂದೇ ವಿಚಿತ್ರ: ನಮ್ಮ ಜನ ಬೇರೆ ಊರಿಗೆ ಮದುವೆಗೆ ಹೋದರೆ ಮೊದಲ ತುತ್ತಿಗೇ ಮುಖ ಹಿಂಡಿ, “ಏನಪ್ಪಾ, ಉಪ್ಪಿನ ಮೂಟೆ ಬಿದ್ದೋಗೈತಾ ಸಾರಿಗೆ?” ಅನ್ನತೊಡಗಿದರು. ಆ ಊರವರು ಕೆರಳುವರು, ನಾವು ಸಿಡಿಯುವೆವು. ಲೋಕವೇ ಉಪ್ಪುಪ್ಪಾಗಿದೆ ಎಂದು ನಾವು ಪ್ರಾಮಾಣಿಕವಾಗಿ ನಂಬಿದ್ದೆವು.

ಗುಟ್ಟು ಒಡೆದದ್ದು ನನ್ನ ಮಗಳ ಬೀಗರ ಊಟದಲ್ಲಿ. ಬೇರೆಲ್ಲಾದರೂ ಒಡೆಯಬಾರದಿತ್ತೇ!

ಬೀಗರ ಊಟ ಅಂದರೆ ನಿಮಗೆ ಗೊತ್ತಲ್ಲ. ಮದುವೆ ಮುಗಿದ ಮೇಲೆ ಗಂಡಿನ ಕಡೆಯವರನ್ನು ಕರೆದು ಹಾಕುವ ಬಾಡೂಟ. ಮಾನ ಉಳಿಯುವುದೂ ಹೋಗುವುದೂ ಅಲ್ಲೇ. ಬೀಗರು ರಾಯಕೋಟೆ ಕಡೆಯವರು. ಸಾಲಾಗಿ ಕೂತರು. ಮುದ್ದೆ ಬಂತು, ಮಟನ್ ಸಾರು ಬಂತು. ಮುದ್ದೆಗೆ ಉಪ್ಪು ಹಾಕುವುದಿಲ್ಲ, ಅದರ ರುಚಿಯೆಲ್ಲ ಸಾರಿನ ಮೇಲೆ ನಿಂತದ್ದು. ಬೀಗತಿ, ಅಂದರೆ ನನ್ನ ಅಳಿಯನ ತಾಯಿ, ಒಂದು ತುತ್ತು ಅದ್ದಿ ನುಂಗಿದರು. ಕೈ ಎಲೆಯ ಮೇಲೇ ನಿಂತಿತು.

“ಏನವ್ವಾ ಇದು? ಉಪ್ಪು ಹಾಕಾದು ಮರ್ತ್ರಾ, ಇಲ್ಲಾ ನಮ್ಗೆ ಉಪ್ಪು ಹಾಕಾಕೂ ನಿಮ್ಗೆ ಮನಸ್ಸಿಲ್ವಾ?”

ಆ ಸಾಲಿನ ಅಷ್ಟೂ ಕೈಗಳು ನಿಂತವು. ಎದುರು ಸಾಲಿನಲ್ಲಿ ನಮ್ಮ ಕಡೆಯವರು ಮೂಳೆ ಚೀಪುತ್ತಾ, “ಸರಿಯಾಗೇ ಐತಲ್ಲಾ!” ಅಂದರು. ಅದು ಬೀಗರಿಗೆ ಇನ್ನೂ ದೊಡ್ಡ ಅವಮಾನ. ಬೇಕೆಂದೇ ಮಾಡಿ ಮೇಲೆ ನಗುತ್ತಿದ್ದಾರೆ ಎಂದು ಅವರ ಕಡೆಯ ಗಂಡಸರು ಏಳತೊಡಗಿದರು. ಅಡುಗೆಯವನು ಓಡಿ ಬಂದು, “ನಂದೇನೂ ಇಲ್ಲಮ್ಮಾ, ದೊಡ್ಡಮ್ಮ ನೋಡಿ ಸಾಕು ಅಂದ್ರು” ಅಂದ.

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಸುಳ್ಳು ಹೇಳಬಹುದಿತ್ತಲ್ಲ! ವಯಸ್ಸಾಯಿತು, ನಾಲಿಗೆ ಕೆಟ್ಟಿದೆ ಅಂದಿದ್ದರೆ ಮುಗಿಯುತ್ತಿತ್ತು.

“ಬೇಕಂತಲೇ ಕಡ್ಮೆ ಮಾಡ್ಸಿದ್ದು. ಇವತ್ತಲ್ಲ, ನನ್ ಮಗುಂಗೆ ಬಿಪಿ ಬಂದಾಗಿಂದ, ಎಷ್ಟೋ ವರ್ಸದಿಂದ” ಅಂದರು.

ಈಗ ಮೂಳೆ ಚೀಪುತ್ತಿದ್ದ ನಮ್ಮವರೂ ಎದ್ದರು. “ನಮ್ಮನ್ ಒಂದ್ ಮಾತು ಕೇಳ್ದಂಗೆ?” ಅಂತ ಒಬ್ಬ. “ಮೋಸ!” ಅಂತ ಇನ್ನೊಬ್ಬ. ನನ್ನ ಮಗಳು ಹೊಸ ಸೀರೆಯಲ್ಲಿ ಬಾಗಿಲಿಗೆ ಒರಗಿ ಅಳುತ್ತಿದ್ದಳು. ನನಗೆ ಕಣ್ಣು ಕತ್ತಲೆಯಾಗುವಷ್ಟು ಸಿಟ್ಟು ಬಂತು.

“ನೀನು ಹೆಂಗಸಾ? ನನ್ನ ಮಗಳ ಬೀಗರ ಊಟವೇ ಬೇಕಿತ್ತಾ ನಿಂಗೆ?” ಎಂದು ಅಷ್ಟೂ ಜನರ ಮುಂದೆ ಕೂಗಿದೆ.

ಬೀಗತಿ ಇನ್ನೂ ಜೋರು. “ನಿಮ್ ಮಗುಂಗೆ ಬಿಪಿ ಇದ್ರೆ ನಿಮ್ ಮಗುಂಗೆ ಗಂಜಿ ಕುಡ್ಸಿ. ಊರೋರ ಬಾಯಿಗೆ ಯಾಕೆ ಸಪ್ಪೆ ಇಕ್ತೀರ?”

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಕೇಳ್ದಂಗೆ ಮಾಡಿದ್ದು ತಪ್ಪೇ ಕಣವ್ವಾ, ಇಲ್ಲ ಅನ್ನಾಕಿಲ್ಲ. ಆದ್ರೆ ನಮ್ ಯಜಮಾನ್ರು ಸತ್ತಾಗ ಎಲ್ರೂ ಅಂದ್ರು, ಅದು ಅವನ್ ಮಾಡ್ಕೊಂಡಿದ್ದು ಅಂತ. ಒಬ್ಬ ಮಾಡ್ಕೊಂಡಿದ್ದಾದ್ರೆ ಒಬ್ಬನೇ ಸಾಯ್ಬೇಕಾಗಿತ್ತು. ಈ ಸಾಲ್ನಾಗೆ ಕುಂತಿರೋ ಹೆಂಗಸ್ರ ಹಣೆ ನೋಡು. ನಿಮ್ ಸಾಲೂ ನೋಡು, ನಮ್ ಸಾಲೂ ನೋಡು.”

ಶುಭಕಾರ್ಯದ ಮನೆಯಲ್ಲಿ ಆಡಬಾರದ ಮಾತು! ನಾನು ಬಾಯಿ ಮುಚ್ಚಿಸಲು ಹೋದೆ. ಹೋಗುತ್ತಾ ನನ್ನ ಕಣ್ಣೂ ನಮ್ಮ ಸಾಲಿನ ಮೇಲೆ ಹರಿಯಿತು. ಬರಿ ಹಣೆ, ಕುಂಕುಮ, ಬರಿ ಹಣೆ, ಬರಿ ಹಣೆ. ಐವತ್ತರ ಆಸುಪಾಸಿನ ಹೆಂಗಸರು. ಇವರ ಗಂಡಂದಿರೆಲ್ಲ ಶಿಫ್ಟಿನ ಬಸ್ಸಿಗೆ ಓಡಿದವರು, ಗೇಟಿನ ಮುಂದೆ ಬಜ್ಜಿ ತಿಂದವರು. ಒಬ್ಬೊಬ್ಬರ ಸಾವಿಗೂ ನಾನು ಹೋಗಿದ್ದೆ, ಒಬ್ಬೊಬ್ಬರ ತಪ್ಪನ್ನೂ ಕೇಳಿ ಹೌದೌದು ಎಂದು ತಲೆಯಾಡಿಸಿ ಬಂದಿದ್ದೆ. ಇಷ್ಟು ಜನ ಒಂದೇ ತಪ್ಪು ಮಾಡುವುದು ಹೇಗೆ ಸಾಧ್ಯ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಬೀಗತಿಯ ಪಕ್ಕದಲ್ಲಿ ಅವರ ತಂಗಿ ಕೂತಿದ್ದರು, ಬರಿ ಹಣೆಯವರು. ಆಕೆ ಮೊದಲು ಕೈ ಮುಂದೆ ಮಾಡಿ ತುತ್ತು ಮುರಿದರು. ಆಮೇಲೆ ಬೀಗತಿ, “ಒಂಚೂರು ಉಪ್ಪು ತನ್ನಿ” ಅಂದರು. ನಾನೇ ಓಡಿ ತಂದೆ. ಒಂದು ಚಿಟಿಕೆ ತೆಗೆದವರು ಅತ್ತೆಯ ಮುಖ ನೋಡಿ ಅರ್ಧ ವಾಪಸ್ ಹಾಕಿದರು. “ಮುಂದಿನ್ ಸಲ ಹೇಳ್ಬುಟ್ಟು ಕಡ್ಮೆ ಹಾಕಿ ತಾಯಿ, ಎಲೆ ಮುಂದೆ ಕುಂತು ಜಗ್ಳ ಆಡಾಕಾಗಲ್ಲ” ಅಂದರು. ಗಂಡಸರು ಮೆಲ್ಲಗೆ ಕೂತರು. ಬೋಟಿ ಬಂತು, ಮಾತು ಬೇರೆ ಕಡೆ ತಿರುಗಿತು.

ಈಗ ನಮ್ಮ ಬಳಗದಲ್ಲಿ ಎಲ್ಲ ಬಹಿರಂಗ. ಬಡಿಸುವ ಮುಂಚೆ ಅಡುಗೆಯವನು, “ಸಾರಿಗೆ ಉಪ್ಪು ಕಡ್ಮೆ ಐತೆ, ಬೇಕಾದೋರು ಕೇಳಿ ಹಾಕಿಸ್ಕೊಳ್ಳಿ” ಎಂದು ಕೂಗಬೇಕು. ಕೇಳುವವರು ಕೆಲವರು, ಕೇಳದವರೇ ಹೆಚ್ಚು. ಅತ್ತೆಯನ್ನು ಪದವಿಯಿಂದ ಇಳಿಸಲಿಲ್ಲ, ಆದರೆ ಅವರ ಮೇಲೆ ಕಣ್ಣಿಡಲು ಇನ್ನೊಬ್ಬ ಅಜ್ಜಿಯನ್ನು ನೇಮಿಸಿದ್ದಾರೆ. ಇಬ್ಬರೂ ಅಂಗೈ ನೆಕ್ಕಿ ಆಕಾಶ ನೋಡಿ ಕಚ್ಚಾಡುವಷ್ಟರಲ್ಲಿ ಸಾರು ಆರಿರುತ್ತದೆ. ಊರಿನವರು “ಎಲ್ಲರ ಮೇಲೂ ಪಥ್ಯ ಹೇರೋದು ದೌರ್ಜನ್ಯ” ಎಂದು ಈಗಲೂ ಗೊಣಗುವುದುಂಟು. ಆಗ ನನಗೆ ರೇಗುತ್ತದೆ. ಅಂಗಡಿಯ ಮುಂದೆ ಮಕ್ಕಳ ಕೈಗೆ ಎಟಕುವ ಹಾಗೆ ಉಪ್ಪು ತುಂಬಿದ ಪೊಟ್ಟಣಗಳ ಮಾಲೆ ತೂಗುಹಾಕುವಾಗ ನಿಮ್ಮ ಒಪ್ಪಿಗೆ ಕೇಳಿದ್ದರಾ? ಕರಿ ಎಣ್ಣೆ ಕಾಯಿಸುವಾಗ? ಪಾರ್ಕಿಗೆ ಬೀಗ ಹಾಕುವಾಗ? ಹೆಚ್ಚಿಗೆ ಹಾಕುವವರನ್ನೆಲ್ಲ ಬಿಟ್ಟು, ಕಡಿಮೆ ಹಾಕಿದ ಒಬ್ಬ ಮುದುಕಿಯನ್ನು ಹಿಡಿದುಕೊಂಡಿರಲ್ಲ! ಇದನ್ನೇ ಊರಿಗೆಲ್ಲ ಮಾಡಬೇಕಾದವರು ಕಚೇರಿಗಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಅವರನ್ನು ಹೋಗಿ ಕೇಳಿ.

ಹೀಗೆ ಕೂಗಾಡಿದ ದಿನ ಅತ್ತೆಯ ಪರವಾಗಿ ಮಾತಾಡಿದ್ದಕ್ಕೆ ನನಗೇ ನಾಚಿಕೆಯಾಗಿ, ಮನೆಗೆ ಬಂದು ಕಡ್ಡಿಪುಡಿಯ ವಿಚಾರಕ್ಕೆ ಅವರ ಜೊತೆ ಜಗಳ ಆಡುತ್ತೇನೆ.

ಮೊನ್ನೆ ಒಂದು ಭಾನುವಾರ. ನಮ್ಮನೆಯವರಿಗೆ ಐವತ್ತು ದಾಟಿ ಸ್ವಲ್ಪ ದಿನವಾಗಿತ್ತು. ಹಿತ್ತಲಲ್ಲಿ ಸ್ಟೂಲಿನ ಮೇಲೆ ಹಳೆ ಟವಲು ಹೊದ್ದು ಕೂತಿದ್ದರು, ನಾನು ಬಟ್ಟಲಲ್ಲಿ ತಲೆಗೆ ಹಚ್ಚುವ ಡೈ ಕಲಸುತ್ತಿದ್ದೆ. ಕೂದಲ ಬುಡವೆಲ್ಲ ಬೆಳ್ಳಗಾಗಿತ್ತು. ಅತ್ತೆ ಬಟ್ಟೆ ಒಣಹಾಕಲು ಬಂದವರು ಮಗನ ಹಿಂದೆ ನಿಂತರು. ತಂತಿಯ ಮೇಲೆ ಹಾಕಬೇಕಾದ ಸೀರೆ ಕೈಯಲ್ಲೇ ಇತ್ತು. ನಿಂತೇ ಇದ್ದರು. ಆಮೇಲೆ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಪಕ್ಕಕ್ಕಿಟ್ಟರು.

“ಯಾಕತ್ತೆ?”

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಗನ ತಲೆಯ ಮೇಲಿಟ್ಟು, ಕಿವಿಯ ಪಕ್ಕದ ಬಿಳಿ ಕೂದಲನ್ನು ಒಂದೊಂದಾಗಿ ಬಿಡಿಸಿ ಬಿಡಿಸಿ ನೋಡಿದರು.

“ಬ್ಯಾಡ ಕಣೆ, ಬಳೀಬ್ಯಾಡ” ಅಂದರು. “ಅವ್ರಿಗೆ ಇಷ್ಟು ನರೆತಿರ್ನಿಲ್ಲ. ಇದ್ದಿದ್ರೆ ಹೆಂಗ್ ಕಾಣ್ತಿದ್ರೋ ಅಂತ ಎಷ್ಟೋ ಸಲ ಅಂದ್ಕಂಡಿವ್ನಿ. ಹಿಂಗೇ ಕಾಣ್ತಿದ್ರೇನೋ. ಸ್ವಲ್ಪ ದಿನ ನೋಡ್ತೀನಿ, ಇರ್ಲಿ.”